ಹೆಣಾ ಎತ್ತಲಿ ಎಂಬ ಮಾತು

ಹೋದ ಶುಕ್ರವಾರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಆದದ್ದು ಮೊಮ್ಮಕ್ಕಳಾದ ನಿಮಗಿಬ್ಬರಿಗೂ ನೆನಪಿರುತ್ತದೆ. ಚಿಕ್ಕವಳು ನನ್ನ ಕನ್ನಡಕ ಹಾಕಿಕೊಂಡು ಮನೆ ತುಂಬ ಓಡುತ್ತಿದ್ದಳು. ನಾನು ನಗುತ್ತಲೇ, "ನಿಂದ ಹೆಣಾ ಎತ್ತಲಿ, ತಾ ಇಲ್ಲೆ" ಅಂದೆ. ದೊಡ್ಡವನು ಆ ಮಾತನ್ನು ಫೋನಿಗೆ ಹೇಳಿ ಇಂಗ್ಲಿಷಿನಲ್ಲಿ ಅರ್ಥ ಕೇಳಿದ. ಫೋನು ಅರ್ಥ ಹೇಳಿತು. ನೀವಿಬ್ಬರೂ ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದಿರಿ. ನಿಮ್ಮಮ್ಮ ನಕ್ಕು ನಕ್ಕು ನೀರು ಕುಡಿದಳು. ಕಾಕಾ ಮಾತ್ರ ನಗಲಿಲ್ಲ. ತಟ್ಟೆ ಸರಿಸಿ ಎದ್ದು ಬಾಲ್ಕನಿಗೆ ಹೋಗಿ ಸಮುದ್ರದ ಕಡೆಗೆ ನೋಡುತ್ತ ನಿಂತ.

ಕಾಕಾ ನಿಮ್ಮಜ್ಜನ ಗೆಳೆಯ. ನಿಮ್ಮಪ್ಪ ಕಾಕಾ ಅನ್ನುತ್ತಾನೆಂದು ನೀವೂ ಹಾಗೇ ಕರೆಯುತ್ತೀರಿ. ಅವನು ಯಾಕೆ ಎದ್ದು ಹೋದನೆಂದು ದೊಡ್ಡವನು ಕೇಳಿದ. ನನಗೆ ಎದುರು ಕೂತು ಹೇಳಲು ನಾಚಿಕೆ. ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಬರೆದಿಡುತ್ತೇನೆ. ನಿಮ್ಮಮ್ಮ ಓದಿ ಹೇಳಲಿ.

ನಮ್ಮ ಊರ ಕಡೆ ಅದು ಬೈಗಳವೇ, ಆದರೆ ಮುದ್ದಿನ ಬೈಗಳ. ನಾನು ಹುಡುಗಿಯಾಗಿದ್ದಾಗ ನಮ್ಮಜ್ಜಿ ಶೇಂಗಾ ಉಂಡಿ ಕೈಗಿಡುವಾಗಲೂ "ನಿನ್ನ ಹೆಣಾ ಎತ್ತಲಿ, ಎಷ್ಟ ತಿಂತಿ" ಅನ್ನುತ್ತಿದ್ದಳು. ಬೇರೆಯವರ ಮಕ್ಕಳಿಗೆ ಅನ್ನುತ್ತಿರಲಿಲ್ಲ. ತನ್ನವರಿಗೆ ಮಾತ್ರ.

ನಿಮ್ಮಜ್ಜ ಇದ್ದಾಗ ನಮ್ಮ ಮನೆ ಇದೇ ಅರಬ್ಬರ ದೇಶದ ಅಬ್ಬಾಸಿಯಾದಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಕೆಳಗಿನ ಮಹಡಿಯ ಒಂದು ಕೋಣೆಯಲ್ಲಿ ಕಾಕಾ ಬೇರೆ ಗಂಡಸರ ಜೊತೆ ಇರುತ್ತಿದ್ದ. ಇಬ್ಬರೂ ಒಂದೇ ಊರಿನವರು. ಸುಲೈಬಿಯಾದ ಒಂದು ತಣ್ಣನೆಯ ಗೋದಾಮಿನಲ್ಲಿ ಮಷೀನು ನೋಡಿಕೊಳ್ಳುವ ಕೆಲಸ ಇಬ್ಬರದೂ. ದಿನಾ ಮುಂಜಾನೆ ಕಂಪನಿಯ ಗಾಡಿ ಹಾರ್ನ್ ಹೊಡೆದಾಗ ಕಾಕಾ ಮೇಲೆ ಬಂದು ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ನಾನು ಅವನಿಗೆ ವೈನಿ, ಅಂದರೆ ಅತ್ತಿಗೆ.

ಆ ದಿನವೂ ಕೂಗಿದ. "ನಿಂದ ಹೆಣಾ ಎತ್ತಲಿ, ಗಾಡಿ ಬಂದ ನಿಂತೈತಿ! ವೈನಿ, ಈ ಮನಶ್ಯಾಗ ರೊಟ್ಟಿ ಕಟ್ಟಿ ಕೊಡ್ರಿ, ಹಾದ್ಯಾಗ ತಿಂತಾನ."

"ನೀ ಹೋಗೊ, ನಾ ಏನ್ ನಿನ್ನಂಗ ಚಾ ಕುಡದ ಓಡಾವಲ್ಲ," ಅಂದರು ನಿಮ್ಮಜ್ಜ. ಕಾಕಾ ಅವರ ಕೊರಳಪಟ್ಟಿ ಹಿಡಿದು ಎಳೆದುಕೊಂಡೇ ಹೋದ. ಇಬ್ಬರೂ ನಗುತ್ತ ಮೆಟ್ಟಿಲಿನ ತಿರುವಿನಲ್ಲಿ ಮರೆಯಾದರು. ಆಮೇಲೆ ಒಂದು ಸಪ್ಪಳ, ಹಿಂದೆಯೇ ಕಾಕಾ ಚೀರಿದ್ದು ಕೇಳಿಸಿತು.

ನಾನು ಇಳಿದು ನೋಡಿದಾಗ ನಿಮ್ಮಜ್ಜ ಮೆಟ್ಟಿಲ ಕೆಳಗಿನ ಕಟ್ಟೆಯ ಮೇಲೆ ಬಿದ್ದಿದ್ದರು. ತಲೆಯಿಂದ ರಕ್ತ ಹರಿದಿತ್ತು. ಕಾಕಾ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅವನ ಅಂಗಿಯೆಲ್ಲ ಕೆಂಪಾಗಿತ್ತು. ಅಷ್ಟರಲ್ಲಿ ಜೀವ ಹೋಗಿತ್ತು.

ಪೊಲೀಸರು ಬಂದರು. ನಮ್ಮ ಎದುರು ಮನೆಯವರು ಉಡುಪಿ ಕಡೆಯ ಕ್ರಿಶ್ಚಿಯನ್ನರು, ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಗಂಡನದು ಆಫೀಸಿನ ಕೆಲಸ, ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಗಂಡ ಬಾಗಿಲ ಹಿಂದಿನಿಂದ ಕೂಗು ಕೇಳಿದ್ದರು, ಬಾಗಿಲ ಕಿಂಡಿಯಲ್ಲಿ ಕೊರಳಪಟ್ಟಿ ಹಿಡಿದದ್ದನ್ನೂ ಕಂಡಿದ್ದರು. ಪೊಲೀಸರು ಕೇಳಿದಾಗ, ಈತ ಆತನಿಗೆ "ನಿನ್ನ ಹೆಣ ಎತ್ತುತ್ತೇನೆ" ಎಂದು ಕೂಗಿ ಕೊರಳಿಗೆ ಕೈ ಹಾಕಿದ ಎಂದು ಹೇಳಿದರು. ಅವರು ಸುಳ್ಳು ಹೇಳಲಿಲ್ಲ. ಅವರ ಕನ್ನಡದಲ್ಲಿ ಆ ಮಾತಿಗೆ ಬೇರೆ ಅರ್ಥವೇ ಇಲ್ಲ. ಪೊಲೀಸರು ಕಾಕಾನನ್ನು ಕೇಳಿದರು, ಹೀಗೆ ಅಂದೆಯಾ ಎಂದು. ಅವನಿಗೆ ಬರುತ್ತಿದ್ದುದು ಅರ್ಧಂಬರ್ಧ ಹಿಂದಿ. ಅಳುತ್ತ, "ಹಾಂ ಸಾಬ್, ಬೋಲಾ" ಎಂದು ಒಪ್ಪಿಕೊಂಡ. ಅವನನ್ನು ಕರೆದುಕೊಂಡು ಹೋದರು. ಹೆಣವನ್ನು ಪರೀಕ್ಷೆಗೆ ಒಯ್ದರು.

ನಿಮ್ಮಪ್ಪ ಆಗ ಊರಲ್ಲಿ ಕಾಲೇಜು ಓದುತ್ತಿದ್ದ. ನಿಮ್ಮಜ್ಜನ ಅಣ್ಣ, ಅಂದರೆ ನನ್ನ ಭಾವ, ಫೋನಿನಲ್ಲಿ ಒಂದೇ ಹಟ ಹಿಡಿದರು. "ಅಂವನ ಕೊಂದಾನ. ಅಲ್ಲೇ ಕೊಳೀಲಿ, ನೀ ಬಾಯಿ ಬಿಡಬ್ಯಾಡ." ನಾನು ಬಾಯಿ ಬಿಡದಿದ್ದರೆ ಕಾಕಾ ಕೊಲೆಗಾರನಾಗುತ್ತಿದ್ದ. ಬಾಯಿ ಬಿಡಲು ನನಗೆ ಅರಬ್ಬಿ ಬಾರದು. ಪರ ಗಂಡಸರೆದುರು ನನ್ನ ಹೆಸರು ಹೇಳಿದ್ದೂ ಅಪರೂಪ.

ಹುಡುಗಿಯಾಗಿದ್ದಾಗ ನಮ್ಮೂರ ಹೊಲದಲ್ಲಿ ಬಡಿದಾಟವಾಗಿ ಒಬ್ಬ ಸತ್ತಿದ್ದ. ಪೊಲೀಸ್ ಫೌಜದಾರರು ಬಂದು ಹೆಣದ ಪಂಚನಾಮೆ ಮಾಡಿದರು. ಅಂದರೆ ಊರಿನ ನಾಲ್ಕು ಜನ ಹಿರಿಯರನ್ನು ಪಂಚರೆಂದು ನಿಲ್ಲಿಸಿ, ಗಾಯ ಎಲ್ಲಿದೆ, ಸುತ್ತ ಏನಿದೆ ಎಂದು ಅವರ ಎದುರಿಗೇ ನೋಡಿ ಬರೆಯುವುದು. ನಮ್ಮಪ್ಪ ಪಂಚನಾಗಿದ್ದ. ಜನರೆಲ್ಲ ಇಂಥವನೇ ಹೊಡೆದ, ಅದನ್ನೂ ಬರೀರಿ ಅಂದಾಗ ಅಪ್ಪ, "ನಾ ಹೊಡ್ಯೂದ ನೋಡಿಲ್ಲ. ಗಾಯ ನೋಡೇನಿ. ಗಾಯ ಅಷ್ಟ ಬರೀರಿ ಸಾಹೇಬ್ರ" ಅಂದ. ಬೇವಿನ ಗಿಡದ ಹಿಂದೆ ನಿಂತು ಕೇಳಿದ್ದೆ. ಊರವರು ಅಪ್ಪನ ಜೊತೆ ಬಹಳ ದಿನ ಮಾತು ಬಿಟ್ಟಿದ್ದರು.

ಎದುರು ಮನೆಯ ನರ್ಸಮ್ಮನ ಬಾಗಿಲು ತಟ್ಟಿದೆ. ಆ ಬೈಗಳದ ಅರ್ಥ ಹೇಳಿದೆ. ಅವರು ಕಣ್ಣರಳಿಸಿ ಗಂಡನ ಕಡೆ ತಿರುಗಿದರು. "ನಿಮ್ಗೆ ಕನ್ನಡ ಬರ್ತದೆ ಅಂತ ಪೊಲೀಸ್ರಿಗೆ ಯಾರು ಹೇಳಿದ್ದು ಮಾರಾಯ್ರೆ?"

"ನಾನು ಕೇಳಿದ್ದನ್ನೇ ಹೇಳಿದ್ದು," ಅಂದರು ಗಂಡ, ಮುಖ ಸಣ್ಣಗೆ ಮಾಡಿಕೊಂಡು.

"ಎಂತ ಕೇಳಿದ್ದು! ಬನ್ನಿ ಅಕ್ಕ, ನಾನು ಬರ್ತೇನೆ. ಆಸ್ಪತ್ರೆಯಲ್ಲಿ ದಿನಾ ಅರಬ್ಬಿ ಮಾತಾಡ್ತೇನಲ್ಲ."

ತಮ್ಮ ಗಂಡನ ಹೇಳಿಕೆಯ ಮೇಲೆ ಬೇರೆ ಮಾತು ಹೇಳಲು ಆ ಹೆಣ್ಣುಮಗಳು ರಜೆ ಹಾಕಿ ನನ್ನ ಜೊತೆ ಬಂದರು. ಇಂದಿಗೂ ದೀಪ ಹಚ್ಚುವಾಗ ಅವರ ಮುಖ ಕಣ್ಣ ಮುಂದೆ ಬರುತ್ತದೆ.

ತನಿಖೆಯ ಅಧಿಕಾರಿ ಬಿಳಿ ನಿಲುವಂಗಿಯ, ನಡುವಯಸ್ಸಿನ ಮನುಷ್ಯ. ನಮಗೆ ಚಹಾ ತರಿಸಿದರು. ಆತ ಹಾಗೆ ಅಂದದ್ದನ್ನು ನೀವು ಕೇಳಿದಿರಾ ಎಂದು ಕೇಳಿದರು.

"ಕೇಳೇನ್ರಿ. ಅಂದಾನ."

ನರ್ಸಮ್ಮ ನನ್ನ ಕೈ ಹಿಂಡಿದರು. "ಯೋಚನೆ ಮಾಡಿ ಅಕ್ಕ!"

"ಅಂದಾನ್ರಿ. ಆದ್ರ ಎತ್ತತೀನಿ ಅಂದಿಲ್ಲ, ಎತ್ತಲಿ ಅಂದಾನ. ದಿನಾ ಅಂತಾನ. ನಾನೂ ಅಂತೀನಿ, ನನ್ನ ಮಗಗ."

"ನಿಮ್ಮ ಮಗನಿಗಾ? ದೇವರೇ!" ಅಂದರು ನರ್ಸಮ್ಮ.

"ಒಬ್ಬನ ಮಗಾ ಅದಾನ್ರಿ ನನಗ. ಅದು ಕೊಲ್ಲೂ ಮಾತಾಗಿದ್ರ ಅಂವಗ ಅಂತಿದ್ನೇನ್ರಿ?"

ನರ್ಸಮ್ಮ ಅರಬ್ಬಿಯಲ್ಲಿ ಹೇಳಿದರು. ಅಧಿಕಾರಿ ಮತ್ತೆ ಕೇಳಿದರು, ಮೆಟ್ಟಿಲ ಮೇಲೆ ದೂಡಿದನೇ?

"ದೂಡ್ಲಿಲ್ಲ ಅಂತ ಹೇಳಿಬಿಡಿ," ಎಂದು ನರ್ಸಮ್ಮ ಪಿಸುಗುಟ್ಟಿದರು. ನನಗೂ ನಾಲಿಗೆಯ ತುದಿಗೆ ಅದೇ ಬಂದಿತ್ತು. ಬೇವಿನ ಗಿಡದ ಹಿಂದೆ ನಿಂತು ಕಂಡ ಅಪ್ಪ ನೆನಪಾದ.

"ತಿರುವಿನ ಆಚಿಗೆ ನನಗ ಕಾಣಲಿಲ್ರಿ. ನಕ್ಕೋತ ಹೋದದ್ದು ಕಂಡೇನಿ. ಬಿದ್ದ ಮ್ಯಾಲ ತಲಿ ತೊಡಿ ಮ್ಯಾಲ ಇಟ್ಕೊಂಡ ಅಳೂದು ಕಂಡೇನಿ. ನಡುವಿಂದು ಕಂಡಿಲ್ಲ."

ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟರು. ಆಮೇಲೆ ನರ್ಸಮ್ಮನಿಗೆ ಏನೋ ಹೇಳಿದರು. ಅವರು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ಇವರ ಅಮ್ಮನೂ ಸಿಟ್ಟು ಬಂದ್ರೆ ಇವರಿಗೆ, ದೇವರು ನಿನ್ನನ್ನು ತಗೊಂಡು ಹೋಗ್ಲಿ ಅಂತಾರಂತೆ. ಅಂದ ಮೇಲೆ ಊಟಕ್ಕೆ ಕರೀತಾರಂತೆ. ನಡುವಿನದ್ದು ಡಾಕ್ಟ್ರು ಹೇಳ್ತಾರೆ, ನೀವು ಮನೆಗೆ ಹೋಗಿ ಅಂತಿದ್ದಾರೆ."

ಡಾಕ್ಟರು ಹೇಳಿದರು. ನಿಮ್ಮಜ್ಜನ ಹೃದಯ ಮೆಟ್ಟಿಲ ಮೇಲೆಯೇ ನಿಂತಿತ್ತು. ಅದರಿಂದಲೇ ಬಿದ್ದದ್ದು, ತಲೆಯ ಗಾಯ ಮೆಟ್ಟಿಲಿನ ಅಂಚಿನದು, ಮೈಮೇಲೆ ಹೊಡೆದ ಗುರುತು ಒಂದೂ ಇರಲಿಲ್ಲ. ಆ ಡಾಕ್ಟರನ್ನು ನಾನು ನೋಡಿಲ್ಲ. ಗಂಡಸೋ ಹೆಂಗಸೋ ಅದೂ ತಿಳಿಯದು. ಎಲ್ಲಿಂದಲೋ ಬಂದ ಒಬ್ಬ ಕೂಲಿಕಾರನ ಮೈಯನ್ನು ಅಷ್ಟು ಎಚ್ಚರದಿಂದ ನೋಡಿದರಲ್ಲ, ಅವರ ಕೈ ತಣ್ಣಗಿರಲಿ.

ಕಾಕಾನನ್ನು ಬಿಟ್ಟರು. ನರ್ಸಮ್ಮನ ಗಂಡ ಅವನ ಕೈ ಹಿಡಿದು, "ತಪ್ಪು ತಿಳಿಬೇಡಿ," ಅಂದರು. "ನೀವ್ ಕೇಳಿದ್ದು ಹೇಳೀರಿ ಬಿಡ್ರಿ," ಅಂದ ಕಾಕಾ. ಹೆಣದ ಪೆಟ್ಟಿಗೆಯ ಜೊತೆ ವಿಮಾನದಲ್ಲಿ ಅವನೇ ಬಂದ. ಊರಲ್ಲಿ ಹೆಣ ಎತ್ತುವಾಗ ಭಾವ ಅಡ್ಡ ನಿಂತು, "ನೀ ದೂರ ಸರಿ" ಅಂದರು. ನಾನು ಹೆಂಗಸರ ನಡುವಿನಿಂದ ಎದ್ದು ನಿಂತೆ. "ಅಂವ ಹೆಗಲ ಕೊಡ್ಲಿ ಭಾವಾರ," ಅಂದೆ. ನನ್ನ ದನಿಗೆ ನಾನೇ ಬೆಚ್ಚಿದೆ. ಭಾವ ಸರಿದರು. ಊರ ಆಚೆಯವರೆಗೂ ಕಾಕಾ ಹೆಗಲು ಬದಲಿಸಲಿಲ್ಲ.

ಮುಂದೆ ನಿಮ್ಮಪ್ಪನಿಗೆ ಇಲ್ಲಿ ಕೆಲಸ ನೋಡಿಕೊಟ್ಟವನೂ ಅವನೇ. ಈ ಸಾಲ್ಮಿಯಾದ ಮನೆ, ನೀವು, ಈ ಶುಕ್ರವಾರದ ಊಟ, ಎಲ್ಲ ಅದರ ಹಿಂದೆ ಬಂದದ್ದು. ಆದರೆ ಆ ಮಾತನ್ನು ಅವನು ಮತ್ತೆ ಯಾರಿಗೂ ಅಂದದ್ದು ನಾನು ಕೇಳಿರಲಿಲ್ಲ.

ಹೋದ ಶುಕ್ರವಾರ ಊಟವಾಗಿ ಅವನು ಹೊರಟಾಗ ಚಿಕ್ಕವಳು ಅವನ ಚಪ್ಪಲಿ ಅಡಗಿಸಿಟ್ಟಿದ್ದಳು. ಕಾಕಾ ಬರಿಗಾಲಲ್ಲಿ ಬಾಗಿಲಲ್ಲಿ ನಿಂತು, "ಏ, ನಿಂದ ಹೆಣಾ..." ಅಂದವನು ಗಪ್ಪನೆ ನಿಂತು ನನ್ನ ಮುಖ ನೋಡಿದ.

"ಎತ್ತಲಿ ಅನ್ನೋ," ಅಂದೆ ನಾನು. "ಅರ್ಧಕ್ಕ ಬಿಡಬ್ಯಾಡ."

"ಎತ್ತಲಿ," ಅಂದ ಕಾಕಾ. ಚಿಕ್ಕವಳು ನಗುತ್ತ ಸೋಫಾದ ಹಿಂದಿನಿಂದ ಚಪ್ಪಲಿ ತಂದು ಅವನ ಕಾಲ ಮುಂದೆ ಇಟ್ಟಳು.