ದೈವದ ನಾಣ್ಯ ಯಾವುದು

ಮೊನ್ನೆ ಸೊಸೆ ಹಿತ್ತಾಳೆ ದೀಪ ತಿಕ್ಕಲು ಬಿಂಬುಳಿ ಕಾಯಿ ಜಜ್ಜುತ್ತಿದ್ದಳು. ಹುಳಿ ವಾಸನೆ ನಾನು ಕೂತಲ್ಲಿಗೆ ಬಂತು. ತಕ್ಷಣ ಬಂಟ್ವಾಳದ ವಕೀಲರ ನೆನಪಾಯಿತು ಎಂದು ಬರೆದರೆ ಸುಲಭ. ಮೊದಲು ಬಂದದ್ದು ಒಂದು ಹೆದರಿಕೆ. ವಕೀಲರು ಆಮೇಲೆ ಬಂದರು.

ಐವತ್ತರ ದಶಕದ ಕೊನೆ ಇರಬೇಕು. ಬಂಟ್ವಾಳದ ಶಾಲೆಯಲ್ಲಿ ನಾನು ಮಾಷ್ಟ್ರು, ವಕೀಲರ ಮನೆಗೆ ತಾಗಿದ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರ ಒಬ್ಬಳೇ ಮಗಳು ನನ್ನ ಎಂಟನೇ ತರಗತಿಯಲ್ಲಿದ್ದಳು. ಸಂಜೆ ಕೋರ್ಟಿನಿಂದ ಬಂದ ಮೇಲೆ ಅವರು ಜಗಲಿಯಲ್ಲಿ ಕೂತು ಹಳೆಯ ನಶ್ಯದ ಡಬ್ಬಿಯೊಂದನ್ನು ತೆರೆಯುತ್ತಿದ್ದರು. ಒಳಗೆ ರೋಮ್ ದೇಶದ ಐದು ಬೆಳ್ಳಿ ನಾಣ್ಯ. ಯಾವುದೋ ಕಾಲದಲ್ಲಿ ಮೆಣಸು ಕೊಳ್ಳಲು ಕಡಲು ದಾಟಿ ಬಂದವು. ಐದರಲ್ಲೂ ಒಬ್ಬನೇ ಚಕ್ರವರ್ತಿಯ ತಲೆ. ಆದರೆ ಚಕ್ರವರ್ತಿ ಯಾರೆಂಬುದು ವಕೀಲರಿಗೆ ಬೇಕಿರಲಿಲ್ಲ. ಆಮೇಲೆ ಒಂದೊಂದು ನಾಣ್ಯ ಯಾರ ಯಾರ ಸ್ವಾಧೀನದಲ್ಲಿತ್ತು, ಅಷ್ಟೇ ಬೇಕು.

ಒಂದು ಮೂಡಬಿದಿರೆಯ ಜೈನ ಅರಸು ಮನೆತನದ ರಾಣಿಯದ್ದಂತೆ, ಅವಳ ಕುಂಕುಮದ ಭರಣಿಯಲ್ಲಿದ್ದದ್ದು. ಒಂದು ಬೆಳ್ತಂಗಡಿಯಲ್ಲಿ ತೀರಿಕೊಂಡ ಪಾದ್ರಿಯ ಮೇಣದಬತ್ತಿ ಪೆಟ್ಟಿಗೆಯದ್ದು. ಒಂದು ಹಡಗು ಮುಳುಗಿಯೂ ಬದುಕಿ ಬಂದ ಬ್ಯಾರಿ ಸಾಹುಕಾರರದ್ದು. ಇನ್ನೊಂದರ ಕಥೆ ನನಗೆ ಮರೆತಿದೆ… ಉಳಿದ ಒಂದು ಸಿದ್ಧಕಟ್ಟೆ ಕಡೆಯ ಗುತ್ತಿನ ಮನೆಯ ದೈವದ್ದು, ಆ ಜಮೀನ್ದಾರ ಮನೆತನ ನಂಬಿಕೊಂಡು ಬಂದ ಭೂತದ್ದು. ದೈವದ ಭಂಡಾರದಲ್ಲಿ ತಲೆಮಾರುಗಟ್ಟಲೆ ಇದ್ದದ್ದನ್ನು ಹಿಂದಿನ ಯಜಮಾನರು ಒಂದು ವ್ಯಾಜ್ಯ ಗೆದ್ದ ಖುಷಿಯಲ್ಲಿ ವಕೀಲರ ಕೈಗೆ ಹಾಕಿದ್ದರು.

"ರಾಣಿ ಸತ್ತಳು, ಪಾದ್ರಿ ಸತ್ತ. ಇದರ ಯಜಮಾನ ಮಾತ್ರ ಸಾಯುವ ಜನ ಅಲ್ಲ ಮಾಷ್ಟ್ರೇ," ಎಂದು ನಗುತ್ತಿದ್ದರು.

ಯಾವುದು ಯಾರದ್ದೆಂದು ಅವರು ಗುರುತಿಸುತ್ತಿದ್ದದ್ದು ಕೊಳೆಯಿಂದ. ರಾಣಿಯದ್ದರ ಅಂಚಿನಲ್ಲಿ ಕೆಂಪು, ಪಾದ್ರಿಯದ್ದರಲ್ಲಿ ಮೇಣ, ದೈವದ್ದರ ಮೇಲೆ ಎಣ್ಣೆ, ಅರಸಿನ, ದೀಪದ ಮಸಿ ಸೇರಿ ಗಟ್ಟಿಯಾದ ಕಪ್ಪು. ಈ ಕೊಳೆಯೇ ದಾಖಲೆ, ಇದನ್ನು ಯಾವ ಕೋರ್ಟೂ ತಳ್ಳಿಹಾಕದು ಎನ್ನುತ್ತಿದ್ದರು. ಒಂದು ದೀಪಾವಳಿಗೆ ಅವರ ಹೆಂಡತಿ ಪೂಜೆಯ ಪಾತ್ರೆಗಳ ಜೊತೆ ಐದನ್ನೂ ಬಿಂಬುಳಿ, ಬೂದಿ ಹಾಕಿ ತಿಕ್ಕಿಬಿಟ್ಟರು. ಲಕ್ಷ್ಮಿಯ ಮುಂದೆ ಕಪ್ಪು ಬೆಳ್ಳಿ ಇಡುವುದುಂಟೇ ಎಂಬುದು ಆಕೆಯ ಮಾತು. ಐದೂ ಹೊಸ ಎಂಟಾಣೆಯ ಹಾಗೆ ಹೊಳೆಯುತ್ತಿದ್ದವು. ವಕೀಲರು ಆ ದಿನ ಊಟ ಮಾಡಲಿಲ್ಲ. ಮರುವಾರ ಮತ್ತೆ ಕಥೆ ಶುರು ಮಾಡಿದರು. ಇದು ರಾಣಿಯದ್ದು, ಇದು ದೈವದ್ದು… ಅಂದಾಜಿಗೆ ಹೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ಮರುವರ್ಷ ಹುಡುಗಿ ಜ್ವರದಿಂದ ಮಲಗಿದಳು. ಮಂಗಳೂರಿನ ಡಾಕ್ಟರು ಬಂದು ಟೈಫಾಯ್ಡ್ ಎಂದರು, ಮದ್ದು ಕೊಟ್ಟರು. ಜ್ವರ ಇಳಿಯಲಿಲ್ಲ. ತಾಯಿ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ದೈವದ ಸೊತ್ತು ಈ ಮನೆಯಲ್ಲುಂಟು, ಅದು ಹಿಂದೆ ಹೋಗಬೇಕು ಎಂದು ಬಂತು. ಇಂಥದ್ದನ್ನೆಲ್ಲ ಗೇಲಿ ಮಾಡುತ್ತಿದ್ದ ವಕೀಲರು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು.

"ನನಗೆ ನಂಬಿಕೆ ಇಲ್ಲ ಮಾಷ್ಟ್ರೇ. ಆದರೆ ಬೇರೆ ಎಂಥ ಉಂಟು ನನ್ನ ಹತ್ರ? ನೀವೂ ಬನ್ನಿ, ಸಿದ್ಧಕಟ್ಟೆಗೆ ಹೋಗುವ."

ಗುತ್ತಿನ ಈಗಿನ ಯಜಮಾನರು ಕೈಕಾಲಿಗೆ ನೀರು ಕೊಟ್ಟು ಕೂರಿಸಿದರು. ವಕೀಲರು ಡಬ್ಬಿಯನ್ನೇ ಮುಂದಿಟ್ಟು, ಐದನ್ನೂ ಇಟ್ಟುಕೊಳ್ಳಿ ಎಂದರು. ಯಜಮಾನರು ಮುಟ್ಟಲಿಲ್ಲ.

"ಅದಾಗುವುದಿಲ್ಲ ವಕೀಲರೇ. ಕಂಡವರ ಸೊತ್ತು ಭಂಡಾರಕ್ಕೆ ಸೇರಿದರೆ ಅದೊಂದು ಬೇರೆ ದೋಷ. ದೈವದ್ದು ಯಾವುದೋ ಅದನ್ನು ಮಾತ್ರ ನಿಮ್ಮ ಕೈಯಾರೆ ಹಾಕಿ."

ಹರಿವಾಣ ತಂದಿಟ್ಟರು. ವಕೀಲರು ಒಂದೊಂದೇ ನಾಣ್ಯ ಎತ್ತಿ ಬೆಳಕಿಗೆ ಹಿಡಿದರು, ಉಗುರಿನಿಂದ ಅಂಚು ಕೆರೆದರು, ಮೂಗಿಗೆ ತಂದು ಮೂಸಿದರು. ಕೆಳಗಿಟ್ಟು ಮತ್ತೆ ಎತ್ತಿದರು. ಕೊನೆಗೆ ನನ್ನ ಕಡೆ ತಿರುಗಿ, ನೀವು ನೋಡಿದ್ದೀರಲ್ಲ, ನೀವೇ ಹೇಳಿ ಎಂದರು. ಎರಡು ಸಂಜೆಗಳು ನೆನಪಾದವು. ಎರಡರಲ್ಲೂ ಅವರು ದೈವದ್ದೆಂದು ತೋರಿಸಿದ್ದು ಬೇರೆ ಬೇರೆ ನಾಣ್ಯ. ಗೊತ್ತಿಲ್ಲ ಎಂದೆ.

ಅವರು ಒಂದನ್ನು ಹರಿವಾಣಕ್ಕೆ ಹಾಕಿದರು. ಇದುವೇಯಾ ಎಂದು ಯಜಮಾನರು ಕೇಳಿದರು.

"ಇದೇ," ಎಂದರು ವಕೀಲರು. ಕೋರ್ಟಿನಲ್ಲಿ ಮಾತಾಡುವ ಧ್ವನಿ.

ಹುಡುಗಿ ಆ ವಾರ ದಾಟಲಿಲ್ಲ.

ಆಮೇಲೆ ಅವರ ತಲೆಯಲ್ಲಿ ಒಂದೇ ಮಾತು: ಕೊಟ್ಟದ್ದು ತಪ್ಪು ನಾಣ್ಯ. ಅದನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದರೆಂದರೆ, ನಾನು ಬಿಡಿಸಲು ಹೋಗಲಿಲ್ಲ. ಮುಂದಿನ ವರ್ಷ ಗುತ್ತಿನಲ್ಲಿ ದೈವಕ್ಕೆ ವರ್ಷಾವಧಿ ಕೋಲ, ಆ ನೇಮ ನಡೆದಾಗ ಒಬ್ಬರೇ ಹೋದರು. ಬೆಳಗಿನ ಹೊತ್ತು, ಬೆನ್ನಿಗೆ ಅಣಿಯ ಪ್ರಭಾವಳಿ ಕಟ್ಟಿದವನ ಮೈಮೇಲೆ ಬಂದು ನಿಂತ ದೈವದ ಎದುರು ಕೈಮುಗಿದು, ಹಿಂದಕ್ಕೆ ಬಂದ ನಾಣ್ಯ ನಿನ್ನದೇಯಾ ಎಂದು ಕೇಳಿದರಂತೆ. ಅಲ್ಲ ಎನ್ನಬೇಕು ಎಂಬುದೊಂದೇ ಅವರ ಆಸೆ. ನನ್ನದು ನನಗೆ ಬಂದು ಸೇರಿದೆ, ಲೋಪವಿಲ್ಲ ಎಂದು ದೈವ ನುಡಿಯಿತು.

ಮಧ್ಯಾಹ್ನ ಬಂದು ಜಗಲಿಯಲ್ಲಿ ಕೂತರು. ಚಪ್ಪಲಿ ಬಿಚ್ಚಿರಲಿಲ್ಲ.

"ತಪ್ಪಾಗಿದ್ದರೆ ಚೆನ್ನಾಗಿತ್ತು ಮಾಷ್ಟ್ರೇ. ಈಗ ಅವಳು ಯಾಕೆ ಹೋದಳು ಅಂತ ನಾನು ಎಂಥ ಹೇಳಿಕೊಳ್ಳುವುದು?"

ಡಬ್ಬಿ ಮತ್ತೆ ಜಗಲಿಗೆ ಬರಲಿಲ್ಲ. ಕೆಲವು ವರ್ಷಗಳಲ್ಲಿ ಅವರೂ ಹೋದರು. ಉಳಿದ ನಾಲ್ಕು ಯಾರ ಕೈ ಸೇರಿದವೋ ತಿಳಿಯದು.

ಅರುವತ್ತರ ದಶಕದ ಕೊನೆಗೆ ಮೂಡಬಿದಿರೆಯ ಬಸ್ ನಿಲ್ದಾಣದಲ್ಲಿ ಅವರ ಹೆಂಡತಿ ಸಿಕ್ಕಿದರು. ವಕೀಲರ ಸುದ್ದಿ ಎತ್ತಲಿಲ್ಲ. ಮಗಳು ಕ್ಲಾಸಿನಲ್ಲಿ ಹೇಗಿದ್ದಳು ಮಾಷ್ಟ್ರೇ, ಮನೆಯಲ್ಲಿ ಅವಳದ್ದು ಮಾತೇ ಇರಲಿಲ್ಲ, ಅಲ್ಲಿ ನಗುತ್ತಿದ್ದಳಾ ಎಂದು ಕೇಳಿದರು. ಒಳ್ಳೆಯ ಹುಡುಗಿ ಅಕ್ಕ ಎಂದೆ. ಅವರು ಇನ್ನೂ ಏನಾದರೂ ಬರುತ್ತದೆಂದು ನನ್ನ ಮುಖವನ್ನೇ ನೋಡುತ್ತಿದ್ದರು. ಬಸ್ಸು ಬಂತು.

ಈಗ ಕೂತು ನೆನಪಿನಲ್ಲಿ ಅವಳನ್ನು ಹುಡುಕುತ್ತೇನೆ. ಕಿಟಕಿ ಪಕ್ಕದ ಬೆಂಚು, ಎರಡು ಜಡೆ… ಅದು ಅವಳೋ, ಬೇರೆ ಯಾರೋ. ನಗು ಮಾತ್ರ ಎಲ್ಲಿಯೂ ಸಿಗುವುದಿಲ್ಲ.