ಮುನ್ನಿಗೆ ಹಾಕದ ಸೂಜಿ

ಗಂಡ ಸತ್ತ ಮೇಲೆ ರೋಣದ ಕಡೆಯಿಂದ ಕಾಶಿಗೆ ಬಂದ ವೀರಮ್ಮ ಅಲ್ಲಿನ ವೀರಶೈವ ಮಠದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಸೂಲಗಿತ್ತಿತನವೂ ಅವಳ ಕೈಯಲ್ಲಿತ್ತು. ಇಪ್ಪತ್ತು ವರ್ಷಗಳಲ್ಲಿ ಮಠದ ಗಲ್ಲಿಯ ಅರ್ಧ ಮಕ್ಕಳ ಹೊಕ್ಕುಳಬಳ್ಳಿ ಕೊಯ್ದವಳು ಅವಳೇ. ಎದುರುಮನೆ ತಾರಾದೇವಿಯ ಮೊಮ್ಮಗಳು ಮುನ್ನಿ ಹುಟ್ಟಿದ್ದೂ ಅವಳ ಕೈಯಲ್ಲೇ.

ಸಾವಿರದೊಂಬೈನೂರ ಎಪ್ಪತ್ತಾರರಲ್ಲಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿದ್ದ ಧಾರವಾಡದ ಡಾಕ್ಟರ್ ವಸಂತಾ ಮಕ್ಕಳಿಗೆ ಗಂಟಲಮಾರಿಯ ಲಸಿಕೆ ಹಾಕಲು ಬಂದಳು.

"ಮಂದಿ ನಿಮ್ಮ ಮಾತು ಕೇಳ್ತಾರ, ಜೊತೀಗೆ ಬರ್ರಿ ವೀರಮ್ಮಾರ."

ಮೊದಲ ದಿನ ಹನ್ನೊಂದು ಮಕ್ಕಳಿಗೆ ಲಸಿಕೆಯಾಯಿತು. ಮರುದಿನ ಪಾನ್ ಅಂಗಡಿಯಲ್ಲಿ ಸುದ್ದಿ ಹುಟ್ಟಿತು: ಅದು ನಸಬಂದಿಯ ಸೂಜಿಯಂತೆ, ಚುಚ್ಚಿಸಿಕೊಂಡ ಮಕ್ಕಳಿಗೆ ಮುಂದೆ ಸಂತಾನವೇ ಇಲ್ಲವಂತೆ. ತುರ್ತುಪರಿಸ್ಥಿತಿಯಲ್ಲಿ ಗಂಡಸರನ್ನು ಹಿಡಿದೊಯ್ದು ಸಂತಾನಹರಣದ ಆಪರೇಷನ್ ಮಾಡಿಸುತ್ತಿದ್ದ ದಿನಗಳವು. ಹೆದರಿದವರನ್ನು ಬೈಯುವಂತಿರಲಿಲ್ಲ. ಬಾಗಿಲುಗಳು ಮುಚ್ಚಿದವು.

ತಾರಾದೇವಿ ಮುನ್ನಿಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡೇ ಮಾತಾಡಿದಳು. "ನಿನ್ನ ಮೇಲೆ ನನಗೆ ಅನುಮಾನವಿಲ್ಲ ಬಹನ್. ಆದರೆ ಎಲ್ಲರೂ ಹೇಳ್ತಿದ್ದಾರಲ್ಲ? ಎಲ್ಲರೂ ಸುಳ್ಳು ಹೇಳ್ತಾರಾ?"

ಚಳಿ ಶುರುವಾದಾಗ ಮುನ್ನಿಯ ಗಂಟಲು ಬಾತಿತು. ಮನೆಯವರು ತಾಯಿತ ಕಟ್ಟಿಸಿ ಸುಮ್ಮನಿದ್ದರು. ಮೂರನೆಯ ದಿನ ಸುದ್ದಿ ತಿಳಿದು ವೀರಮ್ಮ ಒಳನುಗ್ಗಿದಳು. ಮಗುವನ್ನೆತ್ತಿಕೊಂಡು, ಅದರ ಅಪ್ಪನೊಂದಿಗೆ ರಿಕ್ಷಾ ಹತ್ತಿ ಆಸ್ಪತ್ರೆಗೆ ಹೊರಟಳು. ಅರ್ಧದಾರಿಯಲ್ಲಿ ಅವಳ ತೊಡೆಯ ಮೇಲೆ ಮಗುವಿನ ಉಸಿರು ನಿಂತಿತು. ಎಳೆಮಕ್ಕಳನ್ನು ಅಲ್ಲಿ ಸುಡುವುದಿಲ್ಲ. ದೋಣಿಯಲ್ಲಿ ಒಯ್ದು ಗಂಗೆಗೆ ಬಿಟ್ಟರು.

ವಾರ ಕಳೆದು ಮಾತಾಡಿಸಲು ಹೋದ ವೀರಮ್ಮ ಹೊಸ್ತಿಲಲ್ಲೇ ನಿಂತಳು. ಒಳಗೆ ನೆರೆಹೊರೆಯ ಹೆಂಗಸರ ನಡುವೆ ತಾರಾದೇವಿ ಅಳುತ್ತಿದ್ದಳು. "ಬೇಡ ಬೇಡ ಅಂದೆ. ಆ ದಕ್ಷಿಣದವಳು ಕೇಳಲಿಲ್ಲ, ಸೂಜಿ ಹಾಕಿಸಿಯೇಬಿಟ್ಟಳು."

"ನಾನೆಲ್ಲಿ ಹಾಕಿಸಿದೆ ತಾರಾ? ನೀನೇ ಬಚ್ಚಿಟ್ಟೆಯಲ್ಲ!"

ತಾರಾದೇವಿಯ ಮುಖದಲ್ಲಿ ಸುಳ್ಳಿನ ಗುರುತಿಗಾಗಿ ವೀರಮ್ಮ ಹುಡುಕಿದಳು. ಅಲ್ಲಿ ಅದು ಇರಲಿಲ್ಲ. ಪಾಪ, ಅವಳು ನಿಜಕ್ಕೂ ನಂಬಿಬಿಟ್ಟಿದ್ದಳು.

ಮಠದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಮರುಳಸಿದ್ದಯ್ಯನವರು ಕರೆಸಿದರು. "ನಿಂದೇನೂ ತಪ್ಪಿಲ್ಲ ಅಂತ ನನಗ ಗೊತ್ತೈತಿ. ಆದ್ರ ಮಂದಿ ಬಾಯಿ ಮುಚ್ಚಾಕ ಆಗತೈತೇನು? ಗಲ್ಲಿಗೆ ಹೋಗಬ್ಯಾಡ, ಒಳಗ ಇರು."

"ಗೊತ್ತಿದ್ದದ್ದು ಹೊರಗ ನಿಂತು ಹೇಳ್ರಿ ಅಜ್ಜಾರ, ಒಂದ ಸಲ."

ಅವರು ವಿಭೂತಿ ಗಟ್ಟಿಯನ್ನು ಅತ್ತಿತ್ತ ಸರಿಸುತ್ತ ಕೂತರು.

ಶಿವರಾತ್ರಿಗೆ ಊರ ಕಡೆಯ ಯಾತ್ರಿಕರು ಬಂದರು. ಪಂಕ್ತಿಯಲ್ಲಿ ಕೂತಿದ್ದ ಹೆಂಗಸೊಬ್ಬಳು ಪಕ್ಕದವಳನ್ನು ಕೇಳಿದಳು: "ಕೂಸು ಕೊಂದಾಕಿ ಈಕೀನಽ ಏನು?" ಈ ಸಲ ಮಾತು ಕನ್ನಡದಲ್ಲಿತ್ತು. ವೀರಮ್ಮ ರೊಟ್ಟಿಯ ಬುಟ್ಟಿಯನ್ನು ಅಲ್ಲೇ ಇಟ್ಟಳು.

ಆಮೇಲೆ ಅವಳಿಗೆ ಪಾತ್ರೆ ತೊಳೆಯುವ ಕೆಲಸ ಕೊಟ್ಟರು. ಗಲ್ಲಿಯಲ್ಲಿ ಹೆರಿಗೆನೋವಿನ ಕೂಗು ಕೇಳಿದಾಗಲೆಲ್ಲ ಎದ್ದು ಬಾಗಿಲವರೆಗೆ ಹೋಗುತ್ತಿದ್ದಳು. ಯಾರೂ ಕರೆಯುತ್ತಿರಲಿಲ್ಲ.