ಹೆಣ್ಣು ನೋಡುವ ದಿನ ಹೇಳಿದ ವಿದ್ವಾಂಸನ ಕಥೆ

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಚೀನಾ, ಜಪಾನು ಯಾವ ದಿಕ್ಕಿಗಿವೆಯೋ ನನಗೆ ತಿಳಿಯದು. ಆದರೂ ಆ ಎರಡೂ ದೇಶಗಳ ಭಾಷೆ ಕಲಿತ, ಹಿಂದಿನ ಕಾಲದ ಯುರೋಪಿನ ವಿದ್ವಾಂಸನೊಬ್ಬ ಈಗ ನನಗೆ ನೆಂಟನಷ್ಟು ಹತ್ತಿರ. ನನ್ನ ಮೊಮ್ಮಗಳು ಅವನ ಜೀವನಚರಿತ್ರೆ ಬರೆಯುತ್ತಿದ್ದಾಳೆ. ಎಂಥ ಹುಡುಗಿ ಅಂತೀರಿ! "ಪುಸ್ತಕ ಮುಗಿಯೋ ತನಕ ಮದುವೆ ಬ್ಯಾಡ" ಎಂದು ಹಟ ಹಿಡಿದಿದ್ದಳು. ಅವಳ ಅಪ್ಪ, ಅಂದರೆ ನನ್ನ ಮಗ, ಕೇಳಬೇಕಲ್ಲ. ಹರಿಹರದವರನ್ನು ಹೆಣ್ಣು ನೋಡಲು ಸರಸ್ವತಿ ನಗರದ ನಮ್ಮ ಮನೆಗೆ ಕರೆಸಿಯೇಬಿಟ್ಟ.

ಉಪ್ಪಿಟ್ಟು, ಕೇಸರಿಬಾತು ಕೊಟ್ಟೆವು. ಹುಡುಗನ ತಾಯಿ, "ಒಂದು ಹಾಡು ಹೇಳವ್ವ" ಎಂದರು.

"ಹಾಡು ಬರಲ್ರಿ. ಒಬ್ಬರ ಕಥೆ ಹೇಳ್ತೀನಿ, ಕೇಳ್ರಿ" ಎಂದಳು ಮೊಮ್ಮಗಳು.

ಮಗ ನನ್ನತ್ತ ಕಣ್ಣು ಕೆಕ್ಕರಿಸಿದ. "ಹೇಳ್ಲಿ ಬಿಡಪ್ಪ, ಕಾಫಿ ಇನ್ನೂ ಸೋಸಿಲ್ಲ" ಎಂದೆ.

ಆ ಮನುಷ್ಯನಿಗೆ ಗುರುವೇ ಇರಲಿಲ್ಲವಂತೆ. ಹಡಗಿನಲ್ಲಿ ಬಂದ ಪುಸ್ತಕಗಳನ್ನು ಮುಂದಿಟ್ಟುಕೊಂಡು ಮೊದಲು ಚೀನೀ, ಆಮೇಲೆ ಜಪಾನೀ ಕಲಿತನಂತೆ. ಆ ದೇಶಗಳನ್ನು ಒಮ್ಮೆಯೂ ಕಂಡವನಲ್ಲ. ಊರೆಲ್ಲ ನಗುತ್ತಿದ್ದರೂ ಪದಕೋಶ ಬರೆಯುತ್ತಲೇ ಹೋದನಂತೆ.

ಹುಡುಗನ ಸೋದರಮಾವ ಆಕಳಿಸಿದರು. "ಅದ್ರಿಂದ ಏನು ಬರ್ತೈತವ್ವ?"

"ಅವ್ರನ್ನೂ ಹಿಂಗೇ ಕೇಳ್ತಿದ್ರಂತ್ರಿ" ಎಂದವಳು ಕಥೆ ನಿಲ್ಲಿಸಲಿಲ್ಲ.

ಹುಡುಗನ ತಾಯಿ ಮಾತ್ರ ತಟ್ಟೆ ಕೆಳಗಿಟ್ಟು ಕೇಳುತ್ತಿದ್ದರು. "ಅಲ್ಲಾ, ದಿನವಿಡೀ ಬರೀತಾ ಕೂತ್ರೆ ಅವನಿಗೆ ಅಡಿಗೆ ಮಾಡಿ ಹಾಕ್ದೋರು ಯಾರು?"

ಮೊಮ್ಮಗಳು ತಡವರಿಸಿದಳು. "ಅದು ಎಲ್ಲೂ ಸಿಕ್ಕಿಲ್ರಿ. ನಾನೂ ಹುಡುಕಿಲ್ಲ."

"ಹುಡುಕು ಮತ್ತೆ. ಅದಿಲ್ದೆ ಎಂಥಾ ಜೀವನಚರಿತ್ರೆ?"

"ಹುಡುಕಿದ್ರೆ ಇನ್ನೊಂದು ವರ್ಷ ಹಿಡೀತೈತ್ರಿ. ಮದುವೆ ಅದಾದ ಮ್ಯಾಲೇ."

"ಹಿಡೀಲಿ ಬಿಡು. ಅಷ್ಟ್ರಾಗೆ ನಮ್ಮೋನೂ ಸಾರು ಮಾಡೋದು ಕಲೀಲಿ. ಈಗ ನೀರು ಕಾಯ್ಸೋದೊಂದೇ ಬರೋದು."

"ಅಮ್ಮಾ, ಚಾನೂ ಮಾಡ್ತೀನಲ್ಲ" ಎಂದ ಹುಡುಗ. ನಮ್ಮವಳು ತಲೆಯೆತ್ತಿ ಅವನನ್ನು ಸರಿಯಾಗಿ ನೋಡಿದ್ದು ಆಗಲೇ. ನೋಡಿ ನಕ್ಕಳು, ಆಗಲಿ ಎಂಬಂತೆ ನನ್ನ ಕಡೆ ತಲೆಯಾಡಿಸಿದಳು.

ಮಗ ಬಾಯಿ ತೆರೆಯುವ ಮೊದಲೇ ನಾನೆದ್ದು, "ಪುಸ್ತಕ ಮೊದ್ಲು, ಮದುವೆ ಆಮ್ಯಾಲೆ. ಮಾತಾತು" ಎಂದುಬಿಟ್ಟೆ. ಅವನು ಕಾಫಿ ಲೋಟ ಎತ್ತಿಕೊಂಡ.

ಅವರು ಹೊರಟ ಮೇಲೆ ಮೊಮ್ಮಗಳು ಬರೆಯಲು ಕೂತಳು. ನಾನು ಸಕ್ಕರೆ ಡಬ್ಬಿ ಹಿಡಿದು ಬೀದಿಗಿಳಿದೆ.

"ಮದುವೆ ಗೊತ್ತಾತಾ ಅಜ್ಜಿ?" ಎಂದರು ಎದುರುಮನೆಯವರು.

"ಅದೂ ಆತು. ಪುಸ್ತಕ ಮುಗಿಯೋದು ಗ್ಯಾರಂಟಿ ಆತಲ್ಲ, ಅದಕ್ಕೇ ಈ ಸಕ್ಕರೆ. ಬಾಯಿ ತೆಗೀರಿ" ಎಂದೆ.